ಬೆಳೆಗೆ ರೋಗ ಏಕೆ ಬರುತ್ತದೆ? ಹಳೆಯ ಪ್ರಶ್ನೆಗೆ ಉತ್ತರ ಬದಲಾದ ಬಗೆ

ಹಸಿರಾಗಿ ನಳನಳಿಸುತ್ತಿದ್ದ ಪೈರು ನಾಲ್ಕು ದಿನ ಮೋಡ ಮುಸುಕಿ ಜಡಿಮಳೆ ಹಿಡಿದ ಮೇಲೆ ಚುಕ್ಕೆ ಬಿದ್ದು, ಸೀದಂತಾಗಿ, ಕೈಗೆ ಬಂದದ್ದು ಬಾಯಿಗೆ ಬರದಂತಾಗುವುದನ್ನು ಎಲ್ಲ ರೈತರೂ ಒಂದಲ್ಲ ಒಂದು ಸಲ ಕಂಡಿರುತ್ತಾರೆ. ಆಗ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇದು ಏಕೆ ಬಂತು? ಈ ಪ್ರಶ್ನೆ ಬೇಸಾಯದಷ್ಟೇ ಹಳೆಯದು. ಇದಕ್ಕೆ ಜನ ಕೊಡುತ್ತಿದ್ದ ಉತ್ತರ ಮಾತ್ರ ಸುಮಾರು ಇನ್ನೂರು ವರ್ಷಗಳ ಅವಧಿಯಲ್ಲಿ ಪೂರ್ತಿಯಾಗಿ ಬದಲಾಯಿತು. ಬದಲಾವಣೆ ನಡೆದದ್ದು ಯುರೋಪಿನಲ್ಲಿ. ಆದರೆ ಅದರ ಫಲ ನಮ್ಮ ಮಲೆನಾಡಿನ ಅಡಿಕೆ ತೋಟದವರೆಗೂ ಬಂದಿದೆ.

ಇದನ್ನು ಬರಿಯ ಚರಿತ್ರೆಯೆಂದು ಬದಿಗಿಡುವಂತಿಲ್ಲ. ರೋಗದ ಕಾರಣವನ್ನು ತಪ್ಪಾಗಿ ತಿಳಿದರೆ ಮದ್ದೂ ತಪ್ಪಾಗುತ್ತದೆ, ಮದ್ದು ತಪ್ಪಿದರೆ ಬೆಳೆ ಹೋಗುತ್ತದೆ. ಒಂದು ದೇಶದಲ್ಲಿ ಹಾಗೆ ಬೆಳೆಯ ಜೊತೆಗೆ ಲಕ್ಷಾಂತರ ಪ್ರಾಣಗಳೂ ಹೋದವು. ಆದುದರಿಂದ ಸರಿಯಾದ ಕಾರಣವನ್ನು ಮನುಷ್ಯ ಹೇಗೆ ಕಂಡುಕೊಂಡ ಎಂಬುದನ್ನು ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಒಳ್ಳೆಯದು.

ಮಧ್ಯಯುಗದ ತಿಳಿವಳಿಕೆ

ಗೋಧಿಯ ಎಲೆ, ಕಾಂಡಗಳ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿ ಏಳುವ ತುಕ್ಕು ರೋಗವು ಪ್ರಾಚೀನ ರೋಮನರಿಗೆ ಚೆನ್ನಾಗಿ ಗೊತ್ತಿತ್ತು. ಈ ರೋಗಕ್ಕೆ ಅವರಲ್ಲಿ ರೊಬಿಗಸ್ ಎಂಬ ಒಬ್ಬ ದೇವತೆಯೇ ಇದ್ದ. ಪ್ರತಿ ವರ್ಷ ಏಪ್ರಿಲ್ 25ರಂದು ಅವನಿಗೆ ಹಬ್ಬ ಮಾಡಿ ನಾಯಿಯನ್ನು ಬಲಿ ಕೊಡುತ್ತಿದ್ದರು. ಕ್ರೈಸ್ತ ಮತ ಹರಡಿದ ಮೇಲೆ ಬಲಿ ನಿಂತಿತು. ಆದರೆ ಅದೇ ದಿನ ಬೆಳೆಯ ರಕ್ಷಣೆಗಾಗಿ ಪ್ರಾರ್ಥಿಸುತ್ತ ಮೆರವಣಿಗೆ ಹೋಗುವ ಪದ್ಧತಿ ಮಧ್ಯಯುಗದ ಉದ್ದಕ್ಕೂ ಉಳಿಯಿತು.

ಸಾಮಾನ್ಯ ಜನ ರೋಗವನ್ನು ದೈವದ ಮುನಿಸು ಎಂದುಕೊಂಡರೆ, ಆಗಿನ ಪಂಡಿತರಿಗೆ ತಮ್ಮದೇ ಒಂದು ಶಾಸ್ತ್ರವಿತ್ತು. ಗ್ರೀಸಿನ ಅರಿಸ್ಟಾಟಲನ ಗ್ರಂಥಗಳು ಅದಕ್ಕೆ ಆಧಾರ. ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಮೂಲವಸ್ತುಗಳಿಂದ ಎಲ್ಲವೂ ಆಗಿದೆ. ಬಿಸಿ, ತಂಪು, ಒಣಗು, ತೇವ ಎಂಬ ಗುಣಗಳು ಹದ ತಪ್ಪಿದಾಗ ರೋಗ ಬರುತ್ತದೆ. ಗ್ರಹಗಳ ಚಲನೆ ಈ ಹದವನ್ನು ಕೆಡಿಸಬಲ್ಲದು ಎಂದು ಅವರು ವಿವರಿಸುತ್ತಿದ್ದರು. ಇದರ ಜೊತೆಗೆ, ಕೊಳೆತ ವಸ್ತುವಿನಿಂದ ಜೀವ ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆಯೂ ಗಟ್ಟಿಯಾಗಿತ್ತು. ಮಾಂಸ ಕೊಳೆತರೆ ಹುಳು, ರೊಟ್ಟಿ ಹಳಸಿದರೆ ಬೂಷ್ಟು, ಗಿಡದ ರಸ ಕೆಟ್ಟರೆ ತುಕ್ಕು ಎಂಬುದು ಅವರ ಲೆಕ್ಕ. ಬೂಷ್ಟಿಗೂ ಬೀಜವಿರಬಹುದು ಎಂಬ ಯೋಚನೆಗೆ ಅಲ್ಲಿ ಎಡೆಯೇ ಇರಲಿಲ್ಲ.

ಇದರಿಂದಾದ ಹಾನಿಗೆ ಒಂದು ಉದಾಹರಣೆ ಕೊಡಬಹುದು. ಉತ್ತರ ಯುರೋಪಿನ ಬಡವರ ಮುಖ್ಯ ಆಹಾರ ರೈ ಎಂಬ ಧಾನ್ಯ. ತೇವ ಹೆಚ್ಚಾದ ವರ್ಷಗಳಲ್ಲಿ ಅದರ ತೆನೆಗಳಲ್ಲಿ ಕಾಳಿನ ಬದಲು ಕೋಡಿನಂಥ ಕಪ್ಪು ಗಂಟುಗಳು ಬೆಳೆಯುತ್ತಿದ್ದವು. ಇದೇ ಎರ್ಗಟ್ ರೋಗ. ನಮ್ಮ ಸಜ್ಜೆಗೆ ಬರುವ ಎರ್ಗಟ್ ಕೂಡ ಇದೇ ಬಳಗಕ್ಕೆ ಸೇರಿದ್ದು. ಆ ಗಂಟುಗಳು ಬೆರೆತ ಹಿಟ್ಟನ್ನು ತಿಂದವರಿಗೆ ಮೈಯೆಲ್ಲ ಉರಿ ಹತ್ತಿ, ಕೈಕಾಲು ಕಪ್ಪಾಗಿ ಉದುರುತ್ತಿದ್ದವು. ಜನ ಇದನ್ನು “ಪವಿತ್ರ ಅಗ್ನಿ” ಎಂದು ಕರೆದರು, ಸಂತ ಆಂತೋನಿಯ ಹೆಸರಿನ ಆಸ್ಪತ್ರೆಗಳಿಗೆ ಹೋಗಿ ಹರಕೆ ಹೊತ್ತರು. ಕಾರಣ ಊಟದ ರೊಟ್ಟಿಯಲ್ಲಿಯೇ ಇತ್ತು. ಗಂಟುಗಳನ್ನು ಧಾನ್ಯದಿಂದ ಬೇರ್ಪಡಿಸಿದ್ದರೆ ಸಾಕಿತ್ತು.

ಹಾಗೆಂದು ಅಂದಿನ ಜನರನ್ನು ದಡ್ಡರೆನ್ನಲಾಗದು. ಇಬ್ಬನಿ ಬಿದ್ದ ರಾತ್ರಿಗಳ ನಂತರ ತುಕ್ಕು ಹೆಚ್ಚುತ್ತದೆ, ತಗ್ಗಿನ ಜೌಗು ಹೊಲದಲ್ಲಿ ರೋಗ ಜಾಸ್ತಿ ಎಂದು ಅವರು ಗುರುತಿಸಿದ್ದು ಸರಿಯಾಗಿಯೇ ಇತ್ತು. ನೋಟದಲ್ಲಿ ತಪ್ಪಿರಲಿಲ್ಲ. ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಾಗಲಾರದು, ಕಾರಣ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ನೋಡಬೇಕು ಎಂಬ ಅಭ್ಯಾಸ ಮಾತ್ರ ಇರಲಿಲ್ಲ.

ಹತ್ತಿರದಿಂದ ನೋಡುವುದು

ಹದಿನೇಳನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕ ಬಂತು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ತನ್ನ ಪುಸ್ತಕದಲ್ಲಿ ಗುಲಾಬಿ ಎಲೆಯ ಮೇಲಿನ ತುಕ್ಕಿನ ಚಿತ್ರವನ್ನು ಬರೆದು ತೋರಿಸಿದ. ಬರಿಗಣ್ಣಿಗೆ ಪುಡಿಯಂತಿದ್ದದ್ದು ಮಸೂರದ ಕೆಳಗೆ ಸಾಲಾಗಿ ನಿಂತ ಪುಟ್ಟ ಗಿಡಗಳಂತೆ ಕಂಡಿತು. ಆದರೂ ಇವು ಕೊಳೆತದಿಂದ ತಾವಾಗಿಯೇ ಹುಟ್ಟಿದವು ಎಂದೇ ಅವನು ತಿಳಿದ. ಸಾಧನ ಹೊಸದಾದರೂ ವಿಚಾರ ಹಳೆಯದೇ ಆಗಿ ಉಳಿಯಬಹುದು ಎಂಬುದಕ್ಕೆ ಇದೊಂದು ನಿದರ್ಶನ.

1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಒಂದು ಸರಳ ಪ್ರಯೋಗ ಮಾಡಿದ. ಕೆಲವು ಪಾತ್ರೆಗಳಲ್ಲಿ ಮಾಂಸವನ್ನಿಟ್ಟು ಬಾಯಿ ತೆರೆದಿಟ್ಟ. ಇನ್ನು ಕೆಲವಕ್ಕೆ ತೆಳುಬಟ್ಟೆ ಕಟ್ಟಿದ. ಎಲ್ಲ ಪಾತ್ರೆಗಳ ಮಾಂಸವೂ ಕೊಳೆಯಿತು. ಹುಳು ಬಿದ್ದದ್ದು ನೊಣ ಕೂರಲು ಸಾಧ್ಯವಿದ್ದ ಮಾಂಸಕ್ಕೆ ಮಾತ್ರ. ಅದೇ ದೇಶದ ಪಿಯರ್ ಆಂಟೋನಿಯೊ ಮಿಕೇಲಿ 1729ರಲ್ಲಿ ಇದನ್ನು ಬೂಷ್ಟಿಗೂ ಅನ್ವಯಿಸಿದ. ಬೂಷ್ಟಿನ ಪುಡಿಯನ್ನು ಕತ್ತರಿಸಿದ ಹಣ್ಣಿನ ಹೋಳುಗಳ ಮೇಲೆ “ಬಿತ್ತಿದಾಗ” ಯಾವ ಬಗೆಯ ಪುಡಿ ಹಾಕಿದ್ದನೋ ಅದೇ ಬಗೆಯ ಬೂಷ್ಟು ಬೆಳೆಯಿತು. ರಾಗಿ ಬಿತ್ತಿದರೆ ರಾಗಿ, ಜೋಳ ಬಿತ್ತಿದರೆ ಜೋಳ ಎಂಬ ಹೊಲದ ನಿಯಮ ಬೂಷ್ಟಿಗೂ ಹೊಂದುತ್ತದೆ ಎಂದಾಯಿತು.

ಹೊಲದಲ್ಲಿ ಹೋಲಿಸಿ ನೋಡುವುದು

ಬೇಸಾಯದ ದೃಷ್ಟಿಯಿಂದ ಅತಿ ಮುಖ್ಯವಾದ ಪ್ರಯೋಗ ನಡೆದದ್ದು ಫ್ರಾನ್ಸಿನಲ್ಲಿ. ಅಲ್ಲಿಯ ಗೋಧಿಗೆ ಒಂದು ಬಗೆಯ ಕಾಡಿಗೆ ರೋಗ ಬರುತ್ತಿತ್ತು. ಕಾಳು ಮೇಲ್ನೋಟಕ್ಕೆ ಸರಿಯಾಗಿ ಕಂಡರೂ ಒಡೆದರೆ ಒಳಗೆ ಕೊಳೆತ ಮೀನಿನ ನಾತದ ಕಪ್ಪು ಪುಡಿ. ಮಂಜಿನಿಂದ ಬಂತೆಂದು ಕೆಲವರು, ಗೊಬ್ಬರದಿಂದ ಎಂದು ಕೆಲವರು, ನೆಲದ ದೋಷವೆಂದು ಇನ್ನು ಕೆಲವರು ವಾದಿಸುತ್ತಿದ್ದರು. ಬೋರ್ಡೋ ನಗರದ ವಿದ್ವತ್ ಸಂಸ್ಥೆಯೊಂದು ಸರಿಯಾದ ಕಾರಣ ಹೇಳಿದವರಿಗೆ ಬಹುಮಾನ ಘೋಷಿಸಿತು.

ಬಹುಮಾನ ಪಡೆದ ಮ್ಯಾಥ್ಯೂ ಟಿಲ್ಲೆ ನಾಣ್ಯ ಮುದ್ರಿಸುವ ಟಂಕಸಾಲೆಯ ಅಧಿಕಾರಿ. ಅವನು ವಾದಕ್ಕೆ ಇಳಿಯಲಿಲ್ಲ. ಒಂದು ಹೊಲವನ್ನು 120 ಸಣ್ಣ ತಾಕುಗಳಾಗಿ ವಿಂಗಡಿಸಿದ. ಕೆಲವು ಭಾಗಗಳಿಗೆ ಬೇರೆ ಬೇರೆ ಗೊಬ್ಬರ ಹಾಕಿ, ಒಂದು ಭಾಗಕ್ಕೆ ಏನನ್ನೂ ಹಾಕದೆ ಬಿಟ್ಟ. ಪ್ರತಿಯೊಂದು ಭಾಗದಲ್ಲಿಯೂ ಕೆಲವು ತಾಕುಗಳಿಗೆ ಶುದ್ಧ ಬೀಜ, ಕೆಲವಕ್ಕೆ ಕಪ್ಪು ಪುಡಿ ಸವರಿದ ಬೀಜ, ಇನ್ನು ಕೆಲವಕ್ಕೆ ಪುಡಿ ಸವರಿದ ನಂತರ ಸುಣ್ಣ, ಉಪ್ಪು ಮುಂತಾದವುಗಳಿಂದ ಉಪಚರಿಸಿದ ಬೀಜ ಬಿತ್ತಿದ. ಮಂಜು ಎಲ್ಲ ತಾಕುಗಳ ಮೇಲೂ ಒಂದೇ ರೀತಿ ಬಿತ್ತು, ಬಿಸಿಲೂ ಒಂದೇ. ಗೊಬ್ಬರ ಯಾವುದೇ ಇರಲಿ, ಪುಡಿ ಸವರಿದ ಬೀಜದ ತಾಕುಗಳಲ್ಲಿ ರೋಗ ತುಂಬಿತು. ಶುದ್ಧ ಬೀಜದ ತಾಕುಗಳಲ್ಲಿಯೂ ಉಪಚಾರ ಪಡೆದ ಬೀಜದ ತಾಕುಗಳಲ್ಲಿಯೂ ರೋಗ ಬಹಳ ಕಡಿಮೆ. ಈ ಫಲಿತಾಂಶ 1755ರಲ್ಲಿ ಪ್ರಕಟವಾಯಿತು. ಇಂದು ನಾವು ಕೊಡುವ ಬೀಜೋಪಚಾರದ ಸಲಹೆಯ ಬೇರು ಇಲ್ಲಿದೆ. ಇಂದಿನ ಕೃಷಿ ಸಂಶೋಧನಾ ಕ್ಷೇತ್ರಗಳ ಚಿಕ್ಕ ಚಿಕ್ಕ ತಾಕುಗಳಿಗೂ, ಏನೂ ಹಾಕದೆ ಬಿಟ್ಟ ಹೋಲಿಕೆ ತಾಕಿಗೂ ಇದು ಹಿರಿಯ ಮಾದರಿ.

ಕಪ್ಪು ಪುಡಿಯಲ್ಲಿ ಏನೋ ವಿಷವಿದೆ ಎಂದು ಟಿಲ್ಲೆ ತಿಳಿದಿದ್ದ. ಅದು ಜೀವವಿರುವ ಶಿಲೀಂಧ್ರದ ಬೀಜಕಣಗಳ ರಾಶಿ ಎಂದು ತೋರಿಸಿದವನು ಪ್ರೆವೋ. ನೀರಿನಲ್ಲಿ ಆ ಕಣಗಳು ಮೊಳೆಯುವುದನ್ನು ಅವನು ಸೂಕ್ಷ್ಮದರ್ಶಕದಲ್ಲಿ ಕಂಡು 1807ರಲ್ಲಿ ಪ್ರಕಟಿಸಿದ. ತಾಮ್ರದ ಪಾತ್ರೆಯಲ್ಲಿದ್ದ ನೀರಿನಲ್ಲಿ ಅವು ಸರಿಯಾಗಿ ಮೊಳೆಯುವುದಿಲ್ಲವೆಂಬುದೂ ಅವನ ಗಮನಕ್ಕೆ ಬಂತು. ಅದರ ಮೇಲಿಂದ ಮೈಲುತುತ್ತಿನ ದ್ರಾವಣದಲ್ಲಿ ಬೀಜ ಉಪಚರಿಸುವಂತೆ ಸಲಹೆ ಕೊಟ್ಟ. ಆದರೆ ಅಂದಿನ ದೊಡ್ಡ ಪಂಡಿತರು ಅವನ ಮಾತನ್ನು ಒಪ್ಪಲಿಲ್ಲ. ಶಿಲೀಂಧ್ರವು ರೋಗದ ಕಾರಣವಲ್ಲ, ರೋಗ ಬಂದ ಮೇಲೆ ಕೆಟ್ಟ ರಸದಿಂದ ಹುಟ್ಟುವ ಫಲ ಎಂಬ ವಾದ ಮುಂದಿನ ನಾಲ್ಕು ದಶಕಗಳ ಕಾಲ ನಡೆಯಿತು.

ತಪ್ಪು ಕಾರಣಕ್ಕೆ ತೆತ್ತ ಬೆಲೆ

ಮೊದಲು ಬಂದದ್ದು ರೋಗವೋ ಶಿಲೀಂಧ್ರವೋ ಎಂಬ ಈ ವಾದ ಪಂಡಿತರ ಹರಟೆಯೆಂದು ತೋರಬಹುದು. 1845ರಲ್ಲಿ ಅದು ಅನ್ನದ ಪ್ರಶ್ನೆಯಾಯಿತು. ಆ ವರ್ಷ ಬೆಲ್ಜಿಯಂನಲ್ಲಿ ಕಾಣಿಸಿಕೊಂಡ ಆಲೂಗೆಡ್ಡೆಯ ಅಂಗಮಾರಿ ರೋಗ ಕೆಲವೇ ತಿಂಗಳಲ್ಲಿ ಐರ್ಲೆಂಡಿಗೆ ಹಬ್ಬಿತು. ಅಲ್ಲಿಯ ಜನಸಂಖ್ಯೆ ಆಗ 80 ಲಕ್ಷಕ್ಕೂ ಹೆಚ್ಚು. ಬಡ ಒಕ್ಕಲುಗಳು ಹೆಚ್ಚುಕಡಿಮೆ ಆಲೂಗೆಡ್ಡೆಯೊಂದನ್ನೇ ತಿಂದು ಬದುಕುತ್ತಿದ್ದವು. ಎಲೆಗಳು ಕಪ್ಪಾಗಿ, ಗಡ್ಡೆಗಳು ಕೊಳೆತು ನಾರಿದವು. 1846ರಲ್ಲಿ ಬೆಳೆ ಬಹುತೇಕ ಪೂರ್ತಿ ನಾಶವಾಯಿತು.

ಆಗ ಹೊರಟ ಕಾರಣಗಳಿಗೆ ಲೆಕ್ಕವಿಲ್ಲ. ಇದು ದೇವರ ಶಿಕ್ಷೆ ಎಂದರು. ಜ್ವಾಲಾಮುಖಿಯ ಹೊಗೆ ಎಂದರು. ಹೊಸದಾಗಿ ಬಂದಿದ್ದ ರೈಲುಗಳಿಂದ ಗಾಳಿಯಲ್ಲಿ ವಿದ್ಯುತ್ತು ಸೇರಿದೆ ಎಂದೂ ಹೇಳಿದರು. ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಲಿಂಡ್ಲಿ, ತಂಪು ಮತ್ತು ಮಳೆ ಹೆಚ್ಚಾಗಿ ಗಿಡ ಅತಿಯಾಗಿ ನೀರು ಕುಡಿದು ಕೊಳೆಯುತ್ತಿದೆ ಎಂದ. ಸರ್ಕಾರ ನೇಮಿಸಿದ ಮೂವರು ತಜ್ಞರ ಸಮಿತಿಯಲ್ಲಿ ಅವನೂ ಒಬ್ಬ. ಗಡ್ಡೆಗಳನ್ನು ಒಣಗಿಸಿ, ಗಾಳಿಯಾಡುವಂತೆ ಗುಂಡಿ ಮಾಡಿ ಕೂಡಿಡಿ ಎಂಬುದು ಸಮಿತಿಯ ಸಲಹೆ. ರೈತರು ಹೇಳಿದಂತೆ ಮಾಡಿದರೂ ಗಡ್ಡೆ ಕೊಳೆಯುವುದು ನಿಲ್ಲಲಿಲ್ಲ. ರೋಗಾಣು ಒಳಗೆ ಸೇರಿದ್ದ ಗಡ್ಡೆಗಳೇ ಮುಂದಿನ ಬಿತ್ತನೆಗೂ ಹೋದವು. ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರಗಳಿಂದ ಸತ್ತರು. ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟು ಹೋದರು. ಇಷ್ಟು ಸಾವಿಗೆ ರೋಗವೊಂದೇ ಹೊಣೆಯಲ್ಲ. ಗೇಣಿ ಪದ್ಧತಿ, ಒಂದೇ ಬೆಳೆಯ ಅವಲಂಬನೆ, ಆಡಳಿತದ ನಿರ್ಲಕ್ಷ್ಯ ಇವೆಲ್ಲವೂ ಸೇರಿದ್ದವು. ಆದರೆ ಕಾರಣ ತಿಳಿಯದ ಸಲಹೆಯಿಂದ ಒಂದು ಬುಟ್ಟಿ ಗಡ್ಡೆಯೂ ಉಳಿಯಲಿಲ್ಲ ಎಂಬುದು ನಿಜ.

ಇಂಗ್ಲೆಂಡಿನ ಪಾದ್ರಿ ಬರ್ಕ್ಲಿ ಶಿಲೀಂಧ್ರಗಳನ್ನು ಅಭ್ಯಾಸ ಮಾಡಿದ್ದವನು. ಎಲೆಯ ಅಡಿಯಲ್ಲಿ ಕಾಣುವ ಬಿಳಿಯ ಬೂಷ್ಟೇ ರೋಗದ ಕಾರಣ ಎಂದು 1846ರಲ್ಲಿಯೇ ಬರೆದ. ಅವನ ಮಾತು ಸರಿಯಾಗಿತ್ತು, ಆದರೆ ಕೈಯಲ್ಲಿ ಪ್ರಯೋಗದ ಪುರಾವೆ ಇರಲಿಲ್ಲ. ಪುರಾವೆಯನ್ನು 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಒದಗಿಸಿದ. ಅವನು ಮಾಡಿದ್ದು ಇಷ್ಟೇ: ಆರೋಗ್ಯವಾದ ಆಲೂಗೆಡ್ಡೆ ಗಿಡಗಳನ್ನು ಒಂದೇ ತೇವ, ಒಂದೇ ತಂಪಿನಲ್ಲಿಟ್ಟು, ಕೆಲವಕ್ಕೆ ಬೂಷ್ಟಿನ ಕಣಗಳನ್ನು ಹಚ್ಚಿ, ಉಳಿದವಕ್ಕೆ ಹಚ್ಚದೆ ಬಿಟ್ಟ. ಹಚ್ಚಿದ ಗಿಡಗಳು ರೋಗದಿಂದ ಕಪ್ಪಾದವು. ಹಚ್ಚದವು ಅದೇ ತೇವದಲ್ಲಿಯೂ ಹಸಿರಾಗಿ ಉಳಿದವು. ಮಳೆ ಮತ್ತು ತಂಪು ರೋಗ ಹಬ್ಬಲು ನೆರವಾಗುತ್ತವೆ, ರೋಗವನ್ನು ಹುಟ್ಟಿಸುವುದಿಲ್ಲ. ತೇವದ ಬಗ್ಗೆ ಹಿಂದಿನವರು ಕಂಡದ್ದಕ್ಕೆ ಹೀಗೆ ಸರಿಯಾದ ಅರ್ಥ ಸಿಕ್ಕಿತು. ಅದೇ ಸುಮಾರಿನಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್, ಕುದಿಸಿದ ರಸಕ್ಕೆ ಗಾಳಿಯ ಧೂಳು ಸೇರದಂತೆ ತಡೆದರೆ ಅದರಲ್ಲಿ ಯಾವ ಜೀವಿಯೂ ಹುಟ್ಟುವುದಿಲ್ಲ ಎಂದು ತೋರಿಸಿದ. ಕೊಳೆತದಿಂದ ಜೀವ ತಾನಾಗಿ ಹುಟ್ಟುತ್ತದೆ ಎಂಬ ಹಳೆಯ ನಂಬಿಕೆ ಇಲ್ಲಿಗೆ ಮುಗಿಯಿತು.

ರೈತನ ಅನುಭವ ಮತ್ತು ವಿಜ್ಞಾನ

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಬಾರ್ಬೆರಿ ಎಂಬ ಮುಳ್ಳುಪೊದೆ ಹತ್ತಿರವಿದ್ದರೆ ಗೋಧಿಗೆ ತುಕ್ಕು ಹೆಚ್ಚು ಎಂದು ಯುರೋಪ್, ಅಮೆರಿಕಗಳ ರೈತರು ಬಹುಕಾಲದಿಂದ ಹೇಳುತ್ತಿದ್ದರು. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ 1726ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ 1755ರಲ್ಲಿ ಈ ಪೊದೆಯನ್ನು ಕೀಳಿಸಲು ಕಾನೂನನ್ನೇ ಮಾಡಲಾಗಿತ್ತು. ಪೊದೆಯ ಮೇಲಿನ ಹಳದಿ ಮಚ್ಚೆಗೂ ಗೋಧಿಯ ತುಕ್ಕಿಗೂ ಏನು ಸಂಬಂಧ ಎಂದು ಅನೇಕ ಪಂಡಿತರು ನಕ್ಕರು. 1865ರಲ್ಲಿ ಅದೇ ಡಿ ಬಾರಿ ಪ್ರಯೋಗ ಮಾಡಿ, ಎರಡೂ ಒಂದೇ ಶಿಲೀಂಧ್ರದ ಎರಡು ಅವಸ್ಥೆಗಳು ಎಂದು ತೋರಿಸಿದ. ರೈತರ ಮಾತು ನಿಜವಾಯಿತು. ವಿಜ್ಞಾನವು ಅನುಭವವನ್ನು ತಳ್ಳಿಹಾಕುವುದಿಲ್ಲ, ಅದನ್ನು ಒರೆಗೆ ಹಚ್ಚುತ್ತದೆ.

ಹಾಗೆಯೇ ಒಂದು ದೇಶದಲ್ಲಿ ನಿಜವಾದದ್ದನ್ನು ಇನ್ನೊಂದು ದೇಶದಲ್ಲಿ ಪರೀಕ್ಷಿಸದೆ ಒಪ್ಪಬಾರದು. ನಮ್ಮ ದೇಶದಲ್ಲಿ ಆಗ್ರಾ ಕಾಲೇಜಿನ ಕೆ. ಸಿ. ಮೆಹತಾ ಅವರು ಅನೇಕ ವರ್ಷ ದುಡಿದು, ಇಲ್ಲಿ ಗೋಧಿಯ ತುಕ್ಕಿಗೆ ಬಾರ್ಬೆರಿ ಮುಖ್ಯ ಕಾರಣವಲ್ಲವೆಂದು ತೋರಿಸಿದರು. ಬಯಲುಸೀಮೆಯ ಬೇಸಿಗೆಯ ಬಿಸಿಲಿಗೆ ಈ ಶಿಲೀಂಧ್ರ ಉಳಿಯದು. ಹಿಮಾಲಯ, ನೀಲಗಿರಿ, ಪಳನಿ ಮುಂತಾದ ತಂಪು ಬೆಟ್ಟಗಳಲ್ಲಿ ಉಳಿದು, ಪ್ರತಿ ವರ್ಷ ಗಾಳಿಯೊಡನೆ ಬಯಲಿಗೆ ಇಳಿಯುತ್ತದೆ. ಇಲ್ಲಿ ಬಾರ್ಬೆರಿ ಕಿತ್ತರೆ ಪ್ರಯೋಜನವಿಲ್ಲ, ರೋಗ ನಿರೋಧಕ ತಳಿಯನ್ನೇ ಆರಿಸಬೇಕು ಎಂಬುದು ಇದರ ಫಲಿತಾರ್ಥ.

ಬೋರ್ಡೋದಿಂದ ಮಲೆನಾಡಿಗೆ

ಕಾರಣ ಗೊತ್ತಾದ ಮೇಲೆ ಮದ್ದು ಹುಡುಕುವುದು ಸುಲಭವಾಯಿತು. 1878ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿಗೆ ಅಮೆರಿಕದಿಂದ ಬೂಜು ರೋಗ ಬಂದಿತ್ತು. 1882ರಲ್ಲಿ ಬೋರ್ಡೋ ಸಮೀಪದ ಒಂದು ತೋಟದ ಪಕ್ಕದಲ್ಲಿ ಹೋಗುತ್ತಿದ್ದ ಪ್ರಾಧ್ಯಾಪಕ ಮಿಲಾರ್ಡೆಗೆ, ದಾರಿಯಂಚಿನ ಬಳ್ಳಿಗಳಲ್ಲಿ ಮಾತ್ರ ಎಲೆ ಹಸಿರಾಗಿರುವುದು ಕಂಡಿತು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕದಿಯದಿರಲೆಂದು ತೋಟದವರು ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಚಿಮುಕಿಸಿದ್ದರೆಂದು ತಿಳಿಯಿತು. ಕಂಡವರು ಹಲವರಿರಬಹುದು. ರೋಗಕ್ಕೆ ಶಿಲೀಂಧ್ರ ಕಾರಣವೆಂದು ಅರಿತಿದ್ದವನಿಗೆ ಅದರ ಅರ್ಥ ಹೊಳೆಯಿತು. ಅವನು ಪ್ರಯೋಗಗಳನ್ನು ಮಾಡಿ 1885ರಲ್ಲಿ ಪ್ರಕಟಿಸಿದ ಮಿಶ್ರಣವೇ ಇಂದಿಗೂ ನಾವು ಬಳಸುವ ಬೋರ್ಡೋ ದ್ರಾವಣ.

ನಮ್ಮ ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗ, ಅಂದರೆ ಮಹಾಳಿ, ಹಳೆಯ ಪಿಡುಗು. ಆಷಾಢ, ಶ್ರಾವಣದ ಬಿಡದ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಮಳೆ ಹಿಡಿಯುವ ಮುನ್ನ ಕೊನೆಗಾರರು ಮರ ಹತ್ತಿ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿ ಬಹಳ ಹಿಂದಿನಿಂದಲೂ ಇತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಇದು ಆಲೂಗೆಡ್ಡೆಯ ಅಂಗಮಾರಿಗೆ ಕಾರಣವಾದ ಫೈಟೋಫ್ತೋರ ಜಾತಿಗೇ ಸೇರಿದ ರೋಗಾಣುವಿನಿಂದ ಬರುತ್ತದೆ ಎಂದು ಅವರು ತೋರಿಸಿದರು. ಐರ್ಲೆಂಡಿನ ಹೊಲವನ್ನು ಹಾಳು ಮಾಡಿದ್ದರ ದಾಯಾದಿಯೇ ನಮ್ಮ ತೋಟದಲ್ಲಿತ್ತು! ಮದ್ದೂ ಬೋರ್ಡೋ ದ್ರಾವಣವೇ ಆಯಿತು. ಮಳೆಯ ನೀರು ಗೊನೆಗೆ ತಾಗದಂತೆ ತಡೆಯುವ ಕೊಟ್ಟೆಯ ಹಿಂದಿದ್ದ ಅನುಭವ ಸರಿಯೆಂಬುದೂ ಇದರಿಂದ ಸಾಬೀತಾಯಿತು. ಕೋಲ್ಮನ್ ಅವರು ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದರು.

ವಿಜ್ಞಾನದ ತಿಳಿವಳಿಕೆಯೂ ಅಲ್ಲಿಗೇ ನಿಲ್ಲಲಿಲ್ಲ. ಫೈಟೋಫ್ತೋರವನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿತ್ತು. ಈಚಿನ ದಶಕಗಳ ಅಧ್ಯಯನಗಳು ಅದು ನಿಜವಾದ ಶಿಲೀಂಧ್ರವಲ್ಲ, ನೀರಿನ ಬೂಷ್ಟುಗಳ ಬೇರೆಯೇ ಗುಂಪಿಗೆ ಸೇರಿದ್ದು ಎಂದು ತೋರಿಸಿವೆ. ಕೆಲವು ಶಿಲೀಂಧ್ರನಾಶಕಗಳು ಇದರ ಮೇಲೆ ಏಕೆ ನಾಟುವುದಿಲ್ಲ ಎಂಬುದು ಇದರಿಂದ ಅರ್ಥವಾಗುತ್ತದೆ. ಹೊಸ ಪುರಾವೆ ಬಂದಾಗ ಹಳೆಯ ಮಾತನ್ನು ತಿದ್ದಿಕೊಳ್ಳುವುದು ವಿಜ್ಞಾನದ ಸ್ವಭಾವ.

ನಮ್ಮ ಹೊಲದಲ್ಲಿ ಪರೀಕ್ಷೆ

ಬಯಲಿಗೆ ಹೋದಾಗ ಇಂದಿಗೂ “ದೃಷ್ಟಿ ತಾಗಿದೆ”, “ಗ್ರಹಣದ ಗಾಳಿ ಬಡಿದಿದೆ” ಎಂಬ ಮಾತುಗಳು ಕೇಳಿಬರುತ್ತವೆ. ಇನ್ನೊಂದು ಕಡೆ, ಅಂಗಡಿಯಲ್ಲಿ ಕೊಟ್ಟ ಸೀಸೆಯನ್ನು ರೋಗವಾವುದೆಂದು ಕೇಳದೆ ತಂದು ಹೊಡೆಯುವುದೂ ನಡೆದಿದೆ. ಕಾರಣ ತಿಳಿಯದೆ ಮದ್ದು ಮಾಡುವ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಟಿಲ್ಲೆ ಮಾಡಿದ್ದನ್ನು ಪ್ರತಿಯೊಬ್ಬ ರೈತರೂ ಸಣ್ಣ ಪ್ರಮಾಣದಲ್ಲಿ ಮಾಡಬಹುದು.

1. ಹೊಸ ಔಷಧಿ, ಗೊಬ್ಬರ ಅಥವಾ ಬೀಜೋಪಚಾರವನ್ನು ಪರೀಕ್ಷಿಸುವಾಗ ಕೆಲವು ಸಾಲುಗಳನ್ನು ಹಾಗೆಯೇ ಬಿಡಿ. ಹೋಲಿಕೆ ಇಲ್ಲದಿದ್ದರೆ ಲಾಭ ಔಷಧಿಯದೋ ಹವೆಯದೋ ತಿಳಿಯದು.

2. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತಳಿ, ಗೊಬ್ಬರ, ಬಿತ್ತನೆಯ ಕಾಲ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು.

3. ಹೊಲದ ಒಂದೇ ಮೂಲೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಎರಡು ಮೂರು ಕಡೆ, ಎರಡು ಮೂರು ಹಂಗಾಮು ನೋಡಿ.

4. ದಿನಾಂಕ, ಮಳೆ, ರೋಗ ಕಂಡ ದಿನ, ಇಳುವರಿ ಇವನ್ನು ಪುಸ್ತಕದಲ್ಲಿ ಬರೆದಿಡಿ. ನೆನಪು ನಮಗೆ ಬೇಕಾದುದನ್ನೇ ಹೇಳುತ್ತದೆ.

5. ರೋಗ ಯಾವುದೆಂದು ಸಂಶಯವಿದ್ದರೆ ರೋಗ ತಗಲಿದ ಗಿಡದ ಭಾಗವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಆಮೇಲೆ ಔಷಧಿ ಕೊಳ್ಳಿ.

ಅಡಿಕೆ ಬೆಳೆಗಾರರು ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವಾಗಲೂ ಇಂಥದೇ ಒಂದು ಪರೀಕ್ಷೆಯಿದೆ. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಲೋಹವಲ್ಲದ ಪಾತ್ರೆಯಲ್ಲಿ ಮೈಲುತುತ್ತಿನ ನೀರನ್ನು ಸುಣ್ಣದ ತಿಳಿಗೆ ಸುರಿಯುತ್ತ ಕಲಕಬೇಕು. ನಂತರ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ದ್ರಾವಣವನ್ನು ಅದೇ ದಿನ ಬಳಸಿ. ಮಳೆಗಾಲ ಹಿಡಿಯುವ ಮುನ್ನ ಒಂದು ಸಲ, 40ರಿಂದ 45 ದಿನಗಳ ಮೇಲೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಗೊನೆಗಳು ಚೆನ್ನಾಗಿ ನೆನೆಯುವಂತೆ ಸಿಂಪಡಿಸಿ. ಕೊಳೆತು ಬಿದ್ದ ಕಾಯಿಗಳನ್ನು ತೋಟದಲ್ಲಿ ಬಿಡದೆ ಆರಿಸಿ ನಾಶಪಡಿಸಿ, ಏಕೆಂದರೆ ಮುಂದಿನ ರೋಗದ ಬೀಜ ಅವುಗಳಲ್ಲಿಯೇ ಇರುತ್ತದೆ.